ಪೇಪರ್‌ನಲ್ಲಿ ‘ಆರ್’ ಅಂತ ಇದೆ, ಈ ಹಾವನ್ನು ಮಗನಿಗೆ ಕೊಡಿಸಬಹುದಾ?

ವಿಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನವರು. ಮಗ ಫಸ್ಟ್ ಪಿಯುಸಿ. ಎರಡು ವರ್ಷದಿಂದ ಅವನದು ಒಂದೇ ಆಸೆ, ಬಾಲ್ ಪೈತಾನ್ (ಆಫ್ರಿಕಾದ ಒಂದು ಸಣ್ಣ ಹೆಬ್ಬಾವು) ಸಾಕಬೇಕು. ಸುಮ್ನೆ ಹಟ ಅಲ್ಲ. ಒಂದು ನೋಟ್‌ಬುಕ್ ಪೂರ್ತಿ ಬರೆದಿಟ್ಟಿದ್ದಾನೆ. ಗೂಡಿನೊಳಗೆ ಬಿಸಿ ಎಷ್ಟಿರಬೇಕು, ತೇವ ಎಷ್ಟಿರಬೇಕು, ಮರಿ ಇದ್ದಾಗ ಎಷ್ಟು ದಿನಕ್ಕೊಂದು ಇಲಿ, ಕರೆಂಟ್ ಹೋದರೆ ಏನು ಮಾಡಬೇಕು, ಎಲ್ಲ ಇದೆ. ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದರೆ ಕೊಡಿಸ್ತೀನಿ ಅಂತ ನಾನೇ ಮಾತು ಕೊಟ್ಟಿದ್ದೆ. ಅವನು ತೆಗೆದ. ಈಗ ನಾನು ಮಾತು ಉಳಿಸಿಕೊಳ್ಳಬೇಕು.

ಕಳೆದ ಭಾನುವಾರ ಒಬ್ಬರ ಮನೆಗೆ ಹೋಗಿ ಮರಿ ನೋಡಿಕೊಂಡು ಬಂದೆವು. ಪ್ಲಾಸ್ಟಿಕ್ ಡಬ್ಬ, ಒಳಗೆ ಒದ್ದೆ ಮಾಡಿದ ಟಿಶ್ಯೂ ಪೇಪರ್, ಅದರ ಮೇಲೆ ಸುತ್ತಿಕೊಂಡು ಮಲಗಿತ್ತು. ನನಗೆ ಹಾವು ಎಂದರೆ ಜೀವ ಬಾಯಿಗೆ ಬರುತ್ತದೆ. ಆದರೂ ಬಿಡದೆ ನೋಡಿದೆ. ಮಗನ ಅಂಗೈ ಮೇಲೆ ಇಟ್ಟ ತಕ್ಷಣ ಅದು ತಲೆಯನ್ನು ಮೈಯೊಳಗೆ ಹುದುಗಿಸಿಕೊಂಡು ಉಂಡೆಯಾಯಿತು. ಮೋಸಂಬಿಯಷ್ಟು ದೊಡ್ಡ ಉಂಡೆ. ಮಗನ ಮುಖದಲ್ಲಿ ಅಷ್ಟು ಖುಷಿ ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಮಾತ್ರ ಪಾಪ, ಹೆದರಿದೆ ಅನ್ನಿಸಿತು.

ಎಲ್ಲಿಂದ ತಂದದ್ದು ಎಂದು ಕೇಳಿದೆ. “ಕಾಡಿನದಲ್ಲ ಮೇಡಂ, ಫಾರ್ಮಿನದು, ಪೇಪರ್ ಇದೆ” ಎಂದು ಒಂದು ಜೆರಾಕ್ಸ್ ಕೊಟ್ಟರು. ನಾನು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ಸಾಲದ ಕಾಗದ ನೋಡುವವಳು. ಪೇಪರ್ ಕೈಗೆ ಬಂದರೆ ಪೂರ್ತಿ ಓದದೆ ಬಿಡುವುದಿಲ್ಲ. ಅದು ಆಫ್ರಿಕಾದ ಬೆನಿನ್ ದೇಶದ ಸೈಟಿಸ್ ಅನುಮತಿ ಪತ್ರ, ಅಂದರೆ ಕಾಡುಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೊಡುವ ಪತ್ರ. ಹಾವಿನ ಹೆಸರಿನ ಮುಂದೆ ‘ಮೂಲ’ ಎನ್ನುವ ಕಾಲಂ ಇದೆ. ಅಲ್ಲಿ ಒಂದೇ ಅಕ್ಷರ, ‘ಆರ್’. ಏನಿದು ಎಂದು ಕೇಳಿದರೆ “ಫಾರ್ಮ್ ಅಂತಾನೇ ಅರ್ಥ” ಎಂದರು. ಫಾರ್ಮ್‌ಗೆ ‘ಆರ್’ ಯಾಕೆ ಬರುತ್ತದೆ?

ಗೊತ್ತಿದ್ದವರು ಹೇಳಿ. ಆ ಅಕ್ಷರಕ್ಕೆ ಅರ್ಥ ಏನು? ಇನ್ನೊಂದು, ಇದು ನನ್ನ ನಿಜವಾದ ಪ್ರಶ್ನೆ. ಕಾನೂನಿನ ಪ್ರಕಾರ ಎಲ್ಲ ಸರಿ ಇದೆ ಅಂತಲೇ ಇಟ್ಟುಕೊಳ್ಳೋಣ. ಎಲ್ಲೋ ಇದ್ದ ಪ್ರಾಣಿಯನ್ನು ಇಷ್ಟು ದೂರ ತರಿಸಿ ನಮ್ಮ ಮನೆಯ ಡಬ್ಬದಲ್ಲಿ ಇಡುವುದು ನ್ಯಾಯವಾ?

ಮೈಸೂರು ಕೀಪರ್

ಮೇಡಂ, ಮೊದಲು ಅಕ್ಷರದ ವಿಷಯ. ಸೈಟಿಸ್ ಪತ್ರದಲ್ಲಿ ‘ಡಬ್ಲ್ಯೂ’ ಇದ್ದರೆ ಕಾಡಿನಿಂದ ಹಿಡಿದದ್ದು. ‘ಸಿ’ ಇದ್ದರೆ ಅಪ್ಪ ಅಮ್ಮನೂ ಸಾಕಿದವು, ಮರಿಯೂ ಸಾಕಿದ್ದು. ‘ಎಫ್’ ಅಂದರೆ ಮರಿ ಬಂಧನದಲ್ಲೇ ಹುಟ್ಟಿದೆ, ಆದರೆ ‘ಸಿ’ಗೆ ಬೇಕಾದಷ್ಟು ಪೀಳಿಗೆ ಆಗಿಲ್ಲ. ‘ಆರ್’ ಅಂದರೆ ರ್‍ಯಾಂಚಿಂಗ್. ಮೊಟ್ಟೆಯನ್ನೋ ಮರಿಯನ್ನೋ ಕಾಡಿನಿಂದ ತಂದು ಫಾರ್ಮಿನಲ್ಲಿ ದೊಡ್ಡದು ಮಾಡಿದ್ದು. ಬಾಲ್ ಪೈತಾನ್ ವಿಷಯದಲ್ಲಿ ಹೆಚ್ಚಾಗಿ ಮೊಟ್ಟೆ ತುಂಬಿದ ತಾಯಿ ಹಾವನ್ನು ಹಿಡಿದು ತಂದು, ಅದು ಮೊಟ್ಟೆ ಇಟ್ಟ ಮೇಲೆ ವಾಪಸ್ ಬಿಡುತ್ತಾರೆ. ಮರಿಗಳಲ್ಲೂ ಒಂದು ಪಾಲನ್ನು ಬಿಡಬೇಕು ಎಂದು ನಿಯಮ ಇದೆ.

ಇದರ ಹಿಂದೆ ಒಂದು ಲೆಕ್ಕ ಇದೆ. ಕಾಡಿನಲ್ಲಿ ಹುಟ್ಟುವ ಹಾವಿನ ಮರಿಗಳಲ್ಲಿ ಜಾಸ್ತಿ ಪಾಲು ಮೊದಲ ವರ್ಷವೇ ಹದ್ದು, ಮುಂಗುಸಿ ಬಾಯಿಗೆ ಹೋಗುತ್ತವೆ. ಹೇಗೂ ಸಾಯುವ ಮರಿಗಳನ್ನು ಬದುಕಿಸಿ ಮಾರಿದರೆ ಕಾಡಿಗೂ ನಷ್ಟ ಇಲ್ಲ, ಹಳ್ಳಿಯವರಿಗೂ ನಾಲ್ಕು ಕಾಸು. ಹಾವಿನಿಂದ ದುಡ್ಡು ಬರುತ್ತೆ ಅಂದರೆ ರೈತ ಅದನ್ನು ಕಂಡಲ್ಲಿ ಹೊಡೆಯುವುದಿಲ್ಲ. ಇದನ್ನು ಪೂರ್ತಿ ಸುಳ್ಳು ಅನ್ನಬೇಡಿ.

ನನ್ನ ಹತ್ತಿರ ನಾಲ್ಕು ಬಾಲ್ ಪೈತಾನ್ ಇವೆ. ನಾಲ್ಕೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿವೆ. ಇಲ್ಲಿ ಹುಟ್ಟಿದ ಮರಿಗಳನ್ನೂ ದಾಖಲೆ ಮಾಡಿಸಿದ್ದೇನೆ. ನಮ್ಮನ್ನೆಲ್ಲ ಕಳ್ಳಸಾಗಣೆಯವರ ಜೊತೆ ಸೇರಿಸಿ ಬೈಯುತ್ತಾರೆ, ಅದು ನೋವಾಗುತ್ತದೆ. ಮಗನಿಗೆ ನಿಜವಾಗಿ ಆಸಕ್ತಿ ಇದ್ದರೆ ಮನಸ್ಸು ಮುರಿಯಬೇಡಿ. ಆ ನೋಟ್‌ಬುಕ್ ಬರೆದ ಹುಡುಗ ಒಳ್ಳೆ ಕೀಪರ್ ಆಗುತ್ತಾನೆ. ಆದರೆ ‘ಆರ್’ ಮರಿ ಬೇಡ. ಇಲ್ಲೇ ಹುಟ್ಟಿದ್ದನ್ನು ತಗೊಳ್ಳಿ.

ಪಶುವೈದ್ಯೆ

ಮೇಲಿನವರು ಅಕ್ಷರಗಳ ಬಗ್ಗೆ ಹೇಳಿದ್ದು ಸರಿ. ನಾನು ಕಾಗದದ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಅಮ್ಮ, ಆ ಜೆರಾಕ್ಸಿನಲ್ಲಿ ಎಷ್ಟು ಹಾವಿಗೆ ಅನುಮತಿ ಎಂದು ಬರೆದಿದೆ ನೋಡಿ. ನೂರಾರು ಇರುತ್ತವೆ. ನೀವು ನೋಡಿದ ಮರಿ ಆ ನೂರಾರರಲ್ಲಿ ಒಂದು ಎನ್ನುವುದಕ್ಕೆ ಏನು ಗುರುತು? ಮರಿಯ ಮೈಮೇಲೆ ಮುದ್ರೆ ಇಲ್ಲ, ಚಿಪ್ ಇಲ್ಲ. ಒಂದೇ ಪತ್ರದ ಜೆರಾಕ್ಸ್ ಎಷ್ಟು ಹಾವಿನ ಜೊತೆ ಬೇಕಾದರೂ ಹೋಗಬಹುದು. ಮನೆಪತ್ರದ ಜೆರಾಕ್ಸ್ ಇಟ್ಟುಕೊಂಡು ನಿಮ್ಮ ಬ್ಯಾಂಕ್ ಸಾಲ ಕೊಡುತ್ತದಾ?

‘ಸಿ’ ಅಕ್ಷರವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಇಂಡೋನೇಷ್ಯಾದಿಂದ ಹೋಗುತ್ತಿದ್ದ ಹಸಿರು ಮರ ಹೆಬ್ಬಾವುಗಳ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಬಂತು. ಫಾರ್ಮಿನಲ್ಲಿ ಹುಟ್ಟಿದ್ದು ಎಂದು ಬರೆಸಿ ಕಳಿಸಿದ ಹಾವುಗಳಲ್ಲಿ ಕಡಿಮೆ ಎಂದರೂ ನೂರಕ್ಕೆ 80 ಕಾಡಿನಿಂದ ಹಿಡಿದವು ಎಂದು ಅದರಲ್ಲಿ ಗೊತ್ತಾಯಿತು. ಆ ಸಂಶೋಧಕರು ಕೊಟ್ಟ ಸಲಹೆ ನನಗೆ ತುಂಬಾ ಹಿಡಿಸಿತು. ಫಾರ್ಮಿನವರು ಮರಿ ಹೊರಬಂದ ಮೊಟ್ಟೆಯ ಸಿಪ್ಪೆಗಳನ್ನು ಎತ್ತಿಟ್ಟು ತೋರಿಸಲಿ ಎಂದು. ಎಷ್ಟು ಮರಿಯೋ ಅಷ್ಟು ಸಿಪ್ಪೆ. ಕಾಗದ ಯಾರು ಬೇಕಾದರೂ ಬರೆಯಬಹುದು, ಸಿಪ್ಪೆ ಬೇಕು ಅಂದರೆ ಮೊಟ್ಟೆ ಇರಲೇಬೇಕು ಅಲ್ವಾ?

ನಮ್ಮಲ್ಲಿ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅವಕಾಶ ಕೊಟ್ಟಿತು. ಮನೆಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದು. ಲೆಕ್ಕಕ್ಕೆ ಸಿಗಲಿ ಎನ್ನುವ ಉದ್ದೇಶ ಒಳ್ಳೆಯದೇ. ಆದರೆ ಎಲ್ಲಿಂದ, ಹೇಗೆ ಬಂತು ಎನ್ನುವ ಪ್ರಶ್ನೆ ಅಲ್ಲಿಗೇ ಅಳಿಸಿಹೋಯಿತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2024ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂದ ಮೇಲೆ ನೋಂದಣಿ ಕಡ್ಡಾಯ. ಹುಟ್ಟು, ಸಾವು, ಕೈ ಬದಲಾದದ್ದು ಎಲ್ಲ ತಿಳಿಸಬೇಕು. ಆ ಮಾರುವವರಿಗೆ ಪರಿವೇಶ್ ನೋಂದಣಿ ತೋರಿಸಿ ಎಂದು ಕೇಳಿ. ಅವರ ಮುಖದಲ್ಲೇ ಅರ್ಧ ಉತ್ತರ ಸಿಗುತ್ತದೆ.

ಈಗ ನಾನು ಕಣ್ಣಾರೆ ಕಂಡದ್ದು. ಒಬ್ಬ ಹುಡುಗ ದೊಡ್ಡ ಹೆಣ್ಣು ಬಾಲ್ ಪೈತಾನ್ ತಂದಿದ್ದ. “ಐದು ತಿಂಗಳಾಯಿತು ಡಾಕ್ಟ್ರೇ, ಏನೂ ತಿನ್ನುತ್ತಿಲ್ಲ” ಎಂದ. ಅವನ ಕೈಯಲ್ಲಿದ್ದ ಚೀಟಿಯಲ್ಲೂ ಫಾರ್ಮಿನದು ಎಂದೇ ಬರೆದಿತ್ತು. ಟೇಬಲ್ ಮೇಲೆ ಬಿಟ್ಟಾಗ ಬೆನ್ನುಮೂಳೆ ಏಣಿನ ಹಾಗೆ ಎದ್ದು ಕಾಣುತ್ತಿತ್ತು. ದೀಪ ಹತ್ತಿರ ತಂದು ನೋಡಿದೆ. ಕಣ್ಣಿನ ಅಂಚಿನಲ್ಲಿ ಎಳ್ಳಿನಷ್ಟು ದೊಡ್ಡ ಒಂದು ಕಪ್ಪು ಚುಕ್ಕೆ. ರಕ್ತ ಹೀರುವ ಉಣ್ಣಿ. ಗಂಟಲ ಕೆಳಗಿನ ಹುರುಪೆಗಳ ಸಂದಿಯಲ್ಲಿ ಇನ್ನೆರಡು. ಒಂದೊಂದೇ ಹುರುಪೆ ಎತ್ತಿ ಚಿಮಟದಲ್ಲಿ ತೆಗೆಯುತ್ತಾ ಹೋದೆ, ಹದಿನೇಳು ಸಿಕ್ಕವು. ಬೆನ್ನಿನ ಮೇಲೆ ಇಲಿ ಕಚ್ಚಿ ಮಾಗಿದ ಹಳೆ ಗಾಯ. ಬಾಯಿ ಬಿಡಿಸಿದರೆ ಒಸಡು ಕೀವುಗಟ್ಟಿತ್ತು. ಡಬ್ಬದಲ್ಲಿ ಹುಟ್ಟಿ ಡಬ್ಬದಲ್ಲೇ ಬೆಳೆದ ಹಾವಿಗೆ ಇಂಥ ಮೈ ಇರುವುದಿಲ್ಲ. ಅದು ಬಯಲಿನಲ್ಲಿ ವರ್ಷಗಟ್ಟಲೆ ತನ್ನ ಪಾಡಿಗೆ ಬದುಕಿದ್ದ ಹಾವು. ಹನ್ನೊಂದು ದಿನ ಔಷಧಿ ಕೊಟ್ಟೆ. ಉಳಿಯಲಿಲ್ಲ. ಆ ಹುಡುಗ ಅದರ ಡಬ್ಬ ತಬ್ಬಿಕೊಂಡು ಅತ್ತ. ಅವನ ಪ್ರೀತಿಯಲ್ಲಿ ಒಂದಿಷ್ಟೂ ಕಲ್ಮಷ ಇರಲಿಲ್ಲ. ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಬಾಲ್ ಪೈತಾನ್ ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಮಗ ಇಂಜಿನಿಯರಿಂಗ್‌ಗೆ ಬೇರೆ ಊರಿಗೆ ಹೋದರೆ ಇಲಿ ಹಾಕುವವರು ನೀವೇ. ಅದನ್ನೂ ಯೋಚನೆ ಮಾಡಿ.

ಗೇರುಬೀಜದವ, ಮಂಗಳೂರು

ಬೆನಿನ್ ಎನ್ನುವ ಹೆಸರು ನೋಡಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ನಮ್ಮ ಕಡೆಯ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ. ಪಶ್ಚಿಮ ಆಫ್ರಿಕಾದಿಂದ ಹಸಿ ಬೀಜ ಹಡಗಿನಲ್ಲಿ ಬರುತ್ತದೆ. ನಾನು ಒಂದು ಕಂಪನಿಯ ಪರವಾಗಿ ಬೀಜ ಕೊಳ್ಳಲು 2016ರಿಂದ 2023ರವರೆಗೆ ಪ್ರತಿ ಸೀಸನ್‌ಗೆ ಬೆನಿನ್‌ಗೆ ಹೋಗುತ್ತಿದ್ದೆ. ಆಮೇಲೆ 2024ರಲ್ಲಿ ಅವರು ಹಸಿ ಬೀಜದ ರಫ್ತನ್ನೇ ನಿಲ್ಲಿಸಿದರು, ನನ್ನ ಓಡಾಟವೂ ನಿಂತಿತು. ಫೆಬ್ರವರಿಯಲ್ಲಿ ಹೋದರೆ ವಾಪಸ್ ಬರುವುದು ಜೂನ್‌ನಲ್ಲಿ. ಕೊಟೊನೂ ಬಂದರಿನಿಂದ ಬೊಹಿಕಾನ್ ಮೇಲೆ ಹಾದು ಪರಾಕೂವರೆಗೆ ಒಂದೇ ಹೆದ್ದಾರಿ. ಅದರ ಎರಡೂ ಬದಿಯ ಹಳ್ಳಿಗಳಲ್ಲಿ ಬೀಜ ತೂಗಿಸಿ ಗೋಡೌನಿಗೆ ತುಂಬುವುದು ನನ್ನ ಕೆಲಸ.

ಆ ಹಾವು ಮೊಟ್ಟೆ ಇಡುವುದೂ ಅದೇ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಹಾಗಾಗಿ ಗೇರುಬೀಜ ತರುವ ರೈತನೇ ಹಾವನ್ನೂ ತರುತ್ತಾನೆ. ಇದು ನನಗೆ ಮೊದಲ ವರ್ಷ ಗೊತ್ತಾಗಲಿಲ್ಲ. ತೂಕದ ಯಂತ್ರದ ಪಕ್ಕ ಬಾಯಿ ಕಟ್ಟಿದ ಒಂದು ಚೀಲ ಬೇರೆಯಾಗಿ ಇಟ್ಟಿರುತ್ತಿದ್ದರು. ಇದನ್ನೂ ತೂಗುವುದಾ ಎಂದು ಕೇಳಿದ್ದಕ್ಕೆ ಬೇಡ ಬೇಡ ಎಂದು ಕೈಯಾಡಿಸಿದರು. ಸಂಜೆ ಒಂದು ಬೈಕ್ ಬರುತ್ತಿತ್ತು, ಆ ಚೀಲಗಳನ್ನು ಎತ್ತಿಕೊಂಡು ದಕ್ಷಿಣಕ್ಕೆ ಹೋಗುತ್ತಿತ್ತು. ಫಾರ್ಮ್‌ಗಳು ಇರುವುದು ಆ ಕಡೆ.

ಎರಡನೇ ವರ್ಷ ಒಬ್ಬ ರೈತ ನನ್ನನ್ನು ತನ್ನ ತೋಟಕ್ಕೆ ಕರೆದುಕೊಂಡು ಹೋದ. ಗೇರು ಗಿಡಗಳ ಸಾಲಿನ ಕೊನೆಯಲ್ಲಿ ಒಂದು ಹಳೆಯ ಹುತ್ತ ಇತ್ತು. ನಮ್ಮ ಊರಿನ ಹುತ್ತದ ಹಾಗೇ ಕೆಂಪು, ಅರ್ಧ ಕುಸಿದಿತ್ತು. ಬುಡದಲ್ಲಿ ಇಲಿ ಮಾಡಿದ ಬಿಲ. ಅವನ ಕೈಯಲ್ಲಿ ನಮ್ಮ ಹಾರೆಯ ಥರದ್ದೇ ಒಂದು, ಹಿಡಿ ಮಾತ್ರ ಗಿಡ್ಡ. ಮೊದಲು ಕೋಲು ಹಾಕಿ ನೋಡಿದ. ಆಮೇಲೆ ಅಗೆದ. ಆಮೇಲೆ ಹೊಟ್ಟೆಯ ಮೇಲೆ ಮಲಗಿ ಭುಜದವರೆಗೆ ಕೈ ತೂರಿಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಅವನ ಕಣ್ಣು ಮುಚ್ಚಿತ್ತು, ಬೆರಳಿನಲ್ಲೇ ನೋಡುತ್ತಿದ್ದ.

ನಿಧಾನಕ್ಕೆ ಹೊರಗೆ ತೆಗೆದ. ತಾಯಿ ಹಾವು ಮೊಟ್ಟೆಗಳನ್ನು ಸುತ್ತಿಕೊಂಡು ಕೂತಿತ್ತು. ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೊಂಚಲು. ಕೋಳಿ ಮೊಟ್ಟೆಯ ಹಾಗೆ ಗಟ್ಟಿ ಅಲ್ಲ, ಮೆತ್ತಗಿನ ಚರ್ಮದ ಹಾಗೆ. ಏಳಿದ್ದವು. ತಾಯಿ ಸುಮಾರು ಎರಡು ತಿಂಗಳು ಹೀಗೇ ಇರುತ್ತದಂತೆ, ಬೇಟೆಗೆ ಹೋಗುವುದಿಲ್ಲ, ಏನೂ ತಿನ್ನುವುದಿಲ್ಲ. ಅವನು ಅದರ ಸುತ್ತನ್ನು ಒಂದೊಂದೇ ಬಿಡಿಸಿದ. ಅದು ಕಚ್ಚಲಿಲ್ಲ, ಬುಸುಗುಟ್ಟಲೂ ಇಲ್ಲ. ಮೊಟ್ಟೆಗಳನ್ನು ಒಂದು ಬೇಸಿನ್ನಿನಲ್ಲಿ ಮಣ್ಣು ಹಾಕಿ ಇಟ್ಟ. ತಾಯಿಯನ್ನು ನೆಲದ ಮೇಲೆ ಬಿಟ್ಟ. ಅದು ಅಲ್ಲೇ ತಲೆ ಒಳಗೆ ಹುದುಗಿಸಿ ಉಂಡೆಯಾಯಿತು. ಮೇಡಂ ಬರೆದಿದ್ದಾರಲ್ಲ, ಹಾಗೇ. ಆ ಉಂಡೆಯ ನಡುವೆ ಮೊಟ್ಟೆ ಇರಬೇಕಿತ್ತು, ಅಲ್ಲಿ ಏನೂ ಇರಲಿಲ್ಲ.

ಅದನ್ನು ಎತ್ತಿ ಗೋಣಿಗೆ ಹಾಕಿದ. ಗೋಣಿ ನಮ್ಮದೇ. ಮೇಲೆ ನಮ್ಮ ಕಂಪನಿಯ ಗುರುತು, ಬೀಜ ತುಂಬಿಸಲು ನಾನೇ ಎಣಿಸಿ ಕೊಟ್ಟದ್ದು.

ನಾನು ತುಳುನಾಡಿನವ. ನಮ್ಮ ಮನೆಯ ಹಿಂದೆ ನಾಗಬನ ಇದೆ. ಅಲ್ಲಿ ಸೊಪ್ಪು ಕಡಿಯುವುದಿಲ್ಲ, ಒಣಗಿದ ಕಟ್ಟಿಗೆಯನ್ನೂ ತರುವುದಿಲ್ಲ. ನಾಗರ ಪಂಚಮಿಗೆ ತನು ಎರೆಯಲು ನಾನು ಎಲ್ಲಿದ್ದರೂ ಊರಿಗೆ ಬರುತ್ತೇನೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಒಂದು ಭಾನುವಾರ ಉಯಿದಾಗೆ ಹೋದೆ. ಅದು ಸಮುದ್ರ ತೀರದ ಊರು. ಅಲ್ಲಿ ಹಾವಿನ ದೇವಸ್ಥಾನ ಇದೆ, ಎದುರಿಗೇ ದೊಡ್ಡ ಇಗರ್ಜಿ (ಚರ್ಚ್). ದೇವಸ್ಥಾನದ ಒಳಗೆ ಇರುವುದು ಇದೇ ಬಾಲ್ ಪೈತಾನ್, ಹತ್ತಾರು. ಅವರ ದೇವರ ಹೆಸರು ದಾಂಗ್ಬೆ. ರಾತ್ರಿ ಹೊರಗೆ ಬಿಡುತ್ತೇವೆ, ಹೊಟ್ಟೆ ತುಂಬಿಸಿಕೊಂಡು ತಾವೇ ಬರುತ್ತವೆ ಎಂದರು. ಯಾರ ಮನೆಗಾದರೂ ಹೋದರೆ ಆ ಮನೆಯವರು ಹೊಡೆಯುವುದಿಲ್ಲ, ಎತ್ತಿಕೊಂಡು ಬಂದು ಇಲ್ಲಿಗೆ ಬಿಡುತ್ತಾರಂತೆ. ನನಗೆ ನಮ್ಮ ಅಜ್ಜಿ ನೆನಪಾದರು. ಅಂಗಳಕ್ಕೆ ನಾಗರ ಬಂದರೆ ದೂರದಲ್ಲಿ ಕೈಮುಗಿದು ನಿಂತು ದಾರಿ ಬಿಡುತ್ತಿದ್ದರು.

1975ರಿಂದ ಈಚೆಗೆ ಪಶ್ಚಿಮ ಆಫ್ರಿಕಾದಿಂದ ಹೊರಗೆ ಹೋದ ಬಾಲ್ ಪೈತಾನ್‌ಗಳ ಲೆಕ್ಕ, ಅದೂ ಕಾಗದದ ಮೇಲೆ ಇರುವುದು ಮಾತ್ರ, 30 ಲಕ್ಷಕ್ಕಿಂತ ಜಾಸ್ತಿ. ಘಾನಾ, ಟೋಗೋ, ಬೆನಿನ್ ಈ ಮೂರು ದೇಶಗಳಿಂದಲೇ ಹೆಚ್ಚು. ಟೋಗೋದಲ್ಲಿ ಸಂಶೋಧಕರು ಹಿಡಿಯುವವರನ್ನೇ ಕೂರಿಸಿ ಕೇಳಿದಾಗ, ಐದು ವರ್ಷದ ಹಿಂದಿನಷ್ಟು ಹಾವು ಈಗ ಸಿಗುವುದಿಲ್ಲ ಎಂದು ಹೆಚ್ಚಿನವರು ಹೇಳಿದ್ದಾರೆ. ನಮ್ಮ ರೈತ ನನಗೂ ಅದೇ ಹೇಳಿದ್ದ. ಅವನ ಅಪ್ಪ ಮನೆಯ ಹಿಂದೆಯೇ ಹಿಡಿಯುತ್ತಿದ್ದನಂತೆ. ಇವನು ಸೈಕಲ್ ಹತ್ತಿ ಹೋಗಬೇಕು.

ಮೇಡಂ, ನಿಮ್ಮ ಪೇಪರಿನ ಆ ಒಂದು ಅಕ್ಷರದ ಹಿಂದೆ ಇರುವುದು ಇದು.

ಮೈಸೂರು ಕೀಪರ್

ಗೇರುಬೀಜದವರೇ, ನಿಮ್ಮದು ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ. ಆದರೂ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾವು ಇಲ್ಲಿ ಕೂತು ಬೇಡ ಎಂದರೆ ಆ ರೈತನ ಮನೆಗೆ ಬರುತ್ತಿದ್ದ ದುಡ್ಡು ನಿಲ್ಲುತ್ತದೆ. ಹಾವು ಸಿಕ್ಕರೆ ಅವನು ಮಾಂಸಕ್ಕೋ ಚರ್ಮಕ್ಕೋ ಹೊಡೆಯಬಹುದು. ಆಗ ತಾಯಿಯೂ ಇಲ್ಲ, ಮೊಟ್ಟೆಯೂ ಇಲ್ಲ. ಇದಕ್ಕೇನು ಹೇಳ್ತೀರಿ?

ಗೇರುಬೀಜದವ, ಮಂಗಳೂರು

ಇದು ನ್ಯಾಯವಾದ ಪ್ರಶ್ನೆ. ಆ ರೈತನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವನಿಗೆ ಮೂರು ಮಕ್ಕಳು. ಹಾವಿನ ದುಡ್ಡಿನಲ್ಲಿ ದೊಡ್ಡ ಮಗಳ ಸ್ಕೂಲ್ ಫೀಸ್ ಕಟ್ಟುತ್ತೇನೆ ಎಂದು ಹೇಳಿದ್ದ. ಅದು ನಿಜ, ಫೀಸಿನ ಚೀಟಿ ನನಗೆ ತೋರಿಸಿದ್ದ.

ಆದರೆ ಬೈಕ್‌ನವನು ಅವನ ಕೈಗೆ ಕೊಟ್ಟದ್ದು ಅಲ್ಲಿಯ ಹಣ ಸೇಫಾದ ಮಡಚಿದ ಕೆಲವು ನೋಟು. ಅದೇ ಹಾವಿನ ಒಂದೊಂದು ಮರಿಗೆ ಬೆಂಗಳೂರಿನಲ್ಲಿ ಎಷ್ಟು ಕೇಳುತ್ತಾರೆ ಎಂದು ನಿಮಗೆ ಗೊತ್ತು. ನಡುವಿನ ದುಡ್ಡು ಎಲ್ಲಿ ಹೋಯಿತು? ಗೇರುಬೀಜದಲ್ಲೂ ಹೀಗೇ ಆಗುತ್ತದೆ, ಅದರಲ್ಲಿ ನನ್ನ ಪಾಲೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಗೇರು ಮರ ಮುಂದಿನ ವರ್ಷವೂ ಅಲ್ಲೇ ನಿಂತಿರುತ್ತದೆ.

ಹಾವಿನಿಂದ ದುಡ್ಡು ಬಂದರೆ ರೈತ ಅದನ್ನು ಹೊಡೆಯುವುದಿಲ್ಲ ಎಂದಿರಿ. ಹೊಡೆಯದಿದ್ದರೂ ಅದರ ಜಾಗ ಉಳಿಯುವುದಿಲ್ಲ, ಅದನ್ನು ನಾನು ಕಂಡಿದ್ದೇನೆ. ಹಾವು ಹಿಡಿಯಬೇಕೆಂದರೆ ಬಿಲ ಅಗೆಯಲೇಬೇಕು. ಅಗೆದ ಹುತ್ತಕ್ಕೆ ಮತ್ತೆ ಇನ್ನೊಂದು ಹಾವು ಬರುವುದಿಲ್ಲ. ಪ್ರತಿ ಸೀಸನ್‌ಗೂ ಅಂಥ ನಾಲ್ಕಾರು ಹುತ್ತ ಆ ಒಂದೇ ಹಳ್ಳಿಯಲ್ಲಿ ಹೋಗುತ್ತಿದ್ದವು.

ತಾಬೇಲು, ಕೋಲಾರ

ನಾನು ಹಾವು ಸಾಕಿದವನಲ್ಲ, ಆಫ್ರಿಕಾಗೆ ಹೋದವನೂ ಅಲ್ಲ. ಮೇಲಿನದು ಓದಿ ನನ್ನದೇ ಒಂದು ಹಳೇ ಕತೆ ನೆನಪಾಯಿತು.

ನಮ್ಮ ಮನೆ ಮಾತು ತೆಲುಗು. ಆಮೆಗೆ ತಾಬೇಲು ಅಂತೀವಿ. ನಮ್ಮ ಹೊಲದ ಅಂಚಿನಲ್ಲಿ, ಕಳ್ಳಿ ಬೇಲಿ ಕೆಳಗೆ, ಮಳೆ ಬಿದ್ದ ಮಾರನೇ ದಿನ ನಕ್ಷತ್ರ ಆಮೆಗಳು ಹೊರಗೆ ಬರುತ್ತಿದ್ದವು. ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳ ನಕ್ಷತ್ರ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಂತೆಗೆ ಬರುತ್ತಿದ್ದ ಒಬ್ಬ, ಮರಿ ತಂದುಕೊಟ್ಟರೆ ಒಂದಕ್ಕೆ ಹತ್ತು ರೂಪಾಯಿ ಎಂದ. ಕಡಲೆಕಾಯಿ ಕೀಳುವ ಕಾಲ. ನಾವು ಮೂರು ಜನ ಹುಡುಗರು ಒಂದು ವಾರದಲ್ಲಿ ಹತ್ತೊಂಬತ್ತು ಮರಿ ಹುಡುಕಿದೆವು. ಚಡ್ಡಿ ಜೇಬಿನಲ್ಲಿ ಹಾಕಿಕೊಂಡು ಬರುತ್ತಿದ್ದೆ. ತೊಡೆಗೆ ಅದರ ಕಾಲು ಪರಪರ ಕೆರೆಯುತ್ತಿತ್ತು. ಆ ದುಡ್ಡಿನಲ್ಲಿ ಜಾತ್ರೆಯಲ್ಲಿ ವಾಚ್ ಕೊಂಡೆ.

ಅವು ಎಲ್ಲಿಗೆ ಹೋದವು ಅಂತ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಬ್ಯಾಂಕಾಕ್, ಸಿಂಗಪುರ, ಆ ಕಡೆಯ ಮನೆಗಳಿಗೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕೈಕಾಲು ಆಡಿಸದ ಹಾಗೆ ಟೇಪ್ ಹಾಕಿ, ಸೂಟ್‌ಕೇಸಿನಲ್ಲಿ ಜೋಡಿಸುತ್ತಾರೆ. 2015ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಕೇಂದ್ರದಿಂದ ಒಂದು ವರ್ಷದಲ್ಲಿ ಕಡಿಮೆ ಎಂದರೂ 55,000 ಮರಿಗಳನ್ನು ಹಿಡಿದಿದ್ದಾರೆ. 2019ರಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಭೆಯಲ್ಲಿ ಈ ಆಮೆಯನ್ನು ಮೊದಲನೇ ಪಟ್ಟಿಗೆ ಸೇರಿಸಿದರು. ಅಂದರೆ ಕಾಡಿನಿಂದ ಹಿಡಿದು ವ್ಯಾಪಾರ ಮಾಡುವ ಹಾಗೇ ಇಲ್ಲ.

ಅದಕ್ಕೂ ಮೊದಲು 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ಬಂದವು. ಪೇಪರಿನಲ್ಲಿ ಅದರ ಫೋಟೊ ನೋಡಿ ನಾನು ಅಂಗಡಿಯಲ್ಲಿ ಕೂತಲ್ಲೇ ಅತ್ತುಬಿಟ್ಟೆ. ನಾನು ಹಿಡಿದುಕೊಟ್ಟವು ಅದರಲ್ಲಿ ಇರುವುದಿಲ್ಲ, ಅದು ಗೊತ್ತು. ಆದರೂ.

ಸಿಂಗಪುರದಲ್ಲಿ ಅದನ್ನು ಸಾಕಿದ ಮಗುವೂ ನಿಮ್ಮ ಮಗನ ಹಾಗೆ ಪ್ರೀತಿಯಿಂದಲೇ ಸಾಕಿರುತ್ತೆ ಅಮ್ಮ. ಎಲೆ ಹಾಕಿ, ನೀರಿಟ್ಟು, ಹೆಸರಿಟ್ಟು. ಈಗ ನಮ್ಮ ಹೊಲದಲ್ಲಿ ಮಳೆ ಬಿದ್ದ ಮಾರನೇ ದಿನ ನನ್ನ ಮಗಳನ್ನು ಕರೆದುಕೊಂಡು ಹೋಗಿ ಹುಡುಕುತ್ತೇನೆ. ಏಳು ವರ್ಷದಲ್ಲಿ ಅವಳು ನೋಡಿದ್ದು ಒಂದೇ ಒಂದು.

ಪಶುವೈದ್ಯೆ

ಕೋಲಾರದವರೇ, ಸೂಟ್‌ಕೇಸ್ ಎಂದಿರಿ. ಈಗ ಅದೇ ಸೂಟ್‌ಕೇಸ್ ಎದುರು ದಿಕ್ಕಿನಲ್ಲೂ ಬರುತ್ತಿದೆ. 2023ರ ಆಗಸ್ಟ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬನ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಊಸರವಳ್ಳಿ, ಇಗ್ವಾನಾ, ಆಮೆ. ಒಂದು ಕಾಂಗರೂ ಮರಿಯೂ ಇತ್ತು, ಅದು ಉಸಿರುಕಟ್ಟಿ ಸತ್ತಿತ್ತು. ಮುಂದಿನ ತಿಂಗಳೇ ಯಾರೋ ಬಿಟ್ಟುಹೋದ ಬ್ಯಾಗಿನಲ್ಲಿ 55 ಬಾಲ್ ಪೈತಾನ್, 17 ಕಾಳಿಂಗ ಸರ್ಪ, ಸತ್ತುಹೋಗಿದ್ದ ಆರು ಕಪುಚಿನ್ ಕೋತಿ. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡ. ಇವೆಲ್ಲ ಸಿಕ್ಕಿಬಿದ್ದವು ಮಾತ್ರ.

ಮೈಸೂರಿನವರಿಗೆ ಒಂದು ಮಾತು. ಇಲ್ಲೇ ಹುಟ್ಟಿದ್ದನ್ನು ತಗೊಳ್ಳಿ ಎಂದಿರಿ. ನಿಮ್ಮಂಥವರ ಮನೆಯದಾದರೆ ನಾನೂ ಒಪ್ಪುತ್ತೇನೆ. ಆದರೆ ಜಗತ್ತಿನಲ್ಲಿ ಇಷ್ಟು ಮರಿಗಳು ಸಾಕಿದಲ್ಲೇ ಹುಟ್ಟುತ್ತಿದ್ದರೂ ಕಾಡಿನಿಂದ ತರುವುದು ಯಾಕೆ ನಿಂತಿಲ್ಲ? ಒಂದು ಕಾರಣ, ಅಗ್ಗ. ಇನ್ನೊಂದು, ಹೊಸ ಹೊಸ ಬಣ್ಣ. ‘ಸ್ಪೈಡರ್’ ಮಾರ್ಫ್ (ಬಣ್ಣದ ತಳಿ) ಎಂದು ಜನ ಮುಗಿಬಿದ್ದು ಕೊಳ್ಳುತ್ತಾರಲ್ಲ, ಅದು ಶುರುವಾದದ್ದೇ ಆಫ್ರಿಕಾದಿಂದ ಬಂದ ಒಂದು ಕಾಡು ಹಾವಿನಿಂದ. ಆ ಬಣ್ಣದ ಜೊತೆಗೇ ಕಿವಿಯ ಒಳಭಾಗದ ದೋಷವೂ ಬರುತ್ತದೆ. ತಲೆ ನೆಟ್ಟಗೆ ನಿಲ್ಲುವುದಿಲ್ಲ, ಇಲಿ ಹಿಡಿಯಲು ಹೋದರೆ ಗುರಿ ತಪ್ಪಿ ಬೀಳುತ್ತದೆ. ನನ್ನ ಟೇಬಲ್ ಮೇಲೆ ಅಂಥ ಒಂದು ಹಾವು ಮಗುಚಿಕೊಂಡು, ಹೊಟ್ಟೆ ಮೇಲಾಗಿ, ಯಾವುದು ನೆಲ ಯಾವುದು ಆಕಾಶ ಎಂದು ತಿಳಿಯದೆ ಒದ್ದಾಡಿದ್ದನ್ನು ನೋಡಿದ್ದೇನೆ.

ಮೈಸೂರು ಕೀಪರ್

ಒಪ್ಪುತ್ತೇನೆ. ಸ್ಪೈಡರ್ ನಾನು ಇಟ್ಟಿಲ್ಲ, ಇಡುವುದೂ ಇಲ್ಲ. ಇನ್ನೊಂದನ್ನು ಹೇಳಿಬಿಡುತ್ತೇನೆ. ನನ್ನ ನಾಲ್ಕು ಹಾವುಗಳಲ್ಲಿ ಹಳೆಯ ಹೆಣ್ಣನ್ನು 2019ರಲ್ಲಿ ಕೊಂಡದ್ದು. 2020ರ ಘೋಷಣೆಯಲ್ಲಿ ಬರೆಸಿದೆ. ಡಾಕ್ಟ್ರು ಹೇಳಿದ ಹಾಗೆ, ಯಾರೂ ಎಲ್ಲಿಂದ ಎಂದು ಕೇಳಲಿಲ್ಲ. ನಾನೂ ಮಾರಿದವರನ್ನು ಕೇಳಿರಲಿಲ್ಲ. ನಿನ್ನೆ ರಾತ್ರಿ ಗೇರುಬೀಜದವರದ್ದು ಓದಿದ ಮೇಲೆ ಅದನ್ನು ಹೊರಗೆ ತೆಗೆದು ದೀಪದ ಕೆಳಗೆ ನೋಡಿದೆ. ಬಾಲದ ಹತ್ತಿರ ಒಂದು ಹಳೆಯ ಗಾಯದ ಗುರುತು ಇದೆ. ಇಷ್ಟು ವರ್ಷ ಅದು ಹುಟ್ಟುಮಚ್ಚೆ ಎಂದುಕೊಂಡಿದ್ದೆ.

ವಿಜಯನಗರದ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ.

ಮಾರುವವರಿಗೆ ಫೋನ್ ಮಾಡಿ ಮೂರು ಕೇಳಿದೆ. ಪರಿವೇಶ್ ನೋಂದಣಿ ತೋರಿಸ್ತೀರಾ, ತಾಯಿ ಹಾವು ಎಲ್ಲಿದೆ, ಮೊಟ್ಟೆ ಸಿಪ್ಪೆಯ ಫೋಟೊ ಇದೆಯಾ. ಮೊದಲಿನದಕ್ಕೆ ಆಮೇಲೆ ಮಾಡಿಸೋಣ ಎಂದರು. ಎರಡನೆಯದಕ್ಕೆ ಸುಮ್ಮನಾದರು. ಮೂರನೆಯದಕ್ಕೆ ಫೋನ್ ಇಟ್ಟರು. ಜೆರಾಕ್ಸ್ ಮತ್ತೆ ತೆಗೆದು ನೋಡಿದೆ ಡಾಕ್ಟ್ರೇ. ಸಂಖ್ಯೆಯ ಕಾಲಂನಲ್ಲಿ 500 ಎಂದಿದೆ.

ಮಗನಿಗೆ ನಾನು ಏನೂ ಹೇಳಲಿಲ್ಲ. ಇದನ್ನೆಲ್ಲ ಅವನ ಕೈಗೆ ಕೊಟ್ಟು ಓದು ಎಂದೆ. ರೂಮಿನ ಬಾಗಿಲು ಹಾಕಿಕೊಂಡ. ಊಟಕ್ಕೂ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಚಪಾತಿ ಲಟ್ಟಿಸುವಾಗ ಬಂದು ಪಕ್ಕದಲ್ಲಿ ನಿಂತ. “ಬೇಡಮ್ಮ, ಆ ಮರಿ ಬೇಡ” ಎಂದ. ಮೈಸೂರಿನವರು ಒಪ್ಪಿದರೆ ಬೇಸಿಗೆ ರಜೆಯಲ್ಲಿ ಹೋಗಿ ಅವರ ಹಾವುಗಳನ್ನು ನೋಡಿಕೊಳ್ಳುವುದು ಕಲಿಯಬೇಕಂತೆ. ಆಮೇಲೆ ಯೋಚನೆ ಮಾಡೋಣ ಎಂದ. ನೋಟ್‌ಬುಕ್ಕನ್ನು ಎಸೆದಿಲ್ಲ.

ಅವನದು ಒಂದು ಪ್ರಶ್ನೆ ಇದೆ, ಗೇರುಬೀಜದ ಅಂಕಲ್‌ಗೆ ಕೇಳು ಎಂದಿದ್ದಾನೆ. ಆ ತಾಯಿ ಹಾವನ್ನು ಆಮೇಲೆ ಅದರ ಬಿಲಕ್ಕೇ ವಾಪಸ್ ಬಿಟ್ಟರಾ?

ಮೈಸೂರು ಕೀಪರ್

ಖಂಡಿತ ಬರಲಿ ಮೇಡಂ. ಏಪ್ರಿಲ್‌ನಲ್ಲಿ ಕಳಿಸಿ. ನಮ್ಮ ಮನೆಯಲ್ಲೇ ಉಳಿಯಬಹುದು, ನಮ್ಮ ತಾಯಿ ಇದ್ದಾರೆ.

ಗೇರುಬೀಜದವ, ಮಂಗಳೂರು

ಮಗನಿಗೆ ಹೇಳಿ, ಇಲ್ಲ ಪುಟ್ಟ, ಅದರ ಬಿಲಕ್ಕೆ ಬಿಡಲಿಲ್ಲ. ಫಾರ್ಮಿನಲ್ಲಿ ಹತ್ತಾರು ಹಳ್ಳಿಯ ತಾಯಿ ಹಾವುಗಳನ್ನು ಒಟ್ಟಿಗೆ ಇಟ್ಟಿರುತ್ತಾರೆ. ಯಾವುದು ಯಾವ ಹುತ್ತದ್ದು ಎಂದು ಬರೆದಿಡುವವರಿಲ್ಲ. ಬಿಡುವಾಗ ಎಲ್ಲವನ್ನೂ ಒಂದು ಗಾಡಿಯಲ್ಲಿ ತಂದು ಒಂದೇ ಕಡೆ ಬಿಡುತ್ತಾರೆ. ಆ ವರ್ಷ ನಾನು ಊರಿಗೆ ಹೊರಡುವ ಹಿಂದಿನ ದಿನ ಲೆಕ್ಕ ಚುಕ್ತಾ ಮಾಡಲು ಆ ರೈತನ ತೋಟಕ್ಕೆ ಹೋಗಿದ್ದೆ. ಜೂನ್ ಮೊದಲ ವಾರ, ಮಳೆ ಹಿಡಿದಿತ್ತು. ಹುತ್ತ ಇದ್ದ ಜಾಗವನ್ನು ಸಮ ಮಾಡಿ ಮೆಕ್ಕೆಜೋಳ ಹಾಕಿದ್ದ. ಮೊಣಕಾಲುದ್ದ ಬಂದಿತ್ತು.